ಹಿಂಬರಹ

ಕಾಗದ ಕೈಗೆ ಬಂದರೆ ಮೊದಲು ತಿರುಗಿಸಿ ಹಿಂದೆ ನೋಡುವುದು ನನ್ನ ಅಭ್ಯಾಸ. ಮೂವತ್ತು ಚಿಲ್ಲರೆ ವರ್ಷ ತಾಲ್ಲೂಕು ಕಚೇರಿಯಲ್ಲಿ ದುಡಿದವಳಿಗೆ ಇದು ಬಿಟ್ಟುಹೋಗುವ ಚಟವಲ್ಲ. ಅರ್ಜಿಯ ಮುಂದೆ ಏನು ಬರೆದಿರುತ್ತಾರೆ ಅನ್ನೋದು ಎಲ್ಲರಿಗೂ ಗೊತ್ತು. ವಿಷಯ ಇರುವುದು ಹಿಂದುಗಡೆ. ಗ್ರಾಮ ಲೆಕ್ಕಿಗರ ಷರಾ, ಶಿರಸ್ತೇದಾರರ ಚಿಕ್ಕ ಸಹಿ, ಸಾಹೇಬರು ಪೆನ್ಸಿಲಿನಲ್ಲಿ ಗೀಚಿದ 'ಮಾತನಾಡಿ' ಅನ್ನೋ ಒಂದೇ ಪದ. ಮದುವೆ ಕರೆಯೋಲೆ ಬಂದರೂ ತಿರುಗಿಸಿ ನೋಡ್ತೀನಿ ಅಂತ ಮನೆಯಲ್ಲಿ ನಗುತ್ತಾರೆ.

ಹೋದ ವರ್ಷ ಅಕ್ಟೋಬರಿನಲ್ಲಿ ಬಾಸ್ಟನ್ನಿನಲ್ಲೂ ಇದನ್ನೇ ಮಾಡಿದೆ. ಮಗಳ ಮನೆಗೆ ಹೋಗಿದ್ದೆ. ಆರು ತಿಂಗಳ ವೀಸಾದಲ್ಲಿ ಹೋಗುವ ಅಪ್ಪ ಅಮ್ಮಂದಿರ ಕಥೆ ನಿಮಗೆ ಗೊತ್ತೇ ಇದೆ, ಅದು ಬಿಡಿ. ಒಂದು ಶನಿವಾರ ಬಾಸ್ಟನ್ ಕಾಮನ್ ಅನ್ನೋ ದೊಡ್ಡ ಪಾರ್ಕಿಗೆ ಕರಕೊಂಡು ಹೋದಳು. ಅದರ ಒಂದು ಅಂಚಿನಲ್ಲಿ, ಚಿನ್ನದ ಬಣ್ಣದ ಗುಮ್ಮಟ ಇರುವ ಸರ್ಕಾರಿ ಕಟ್ಟಡದ ಎದುರಿಗೆ, ಕಂಚಿನ ದೊಡ್ಡ ಉಬ್ಬುಶಿಲ್ಪ ಇದೆ. ಕುದುರೆ ಮೇಲೆ ಒಬ್ಬ ಬಿಳಿಯ ಯುವಕ. ಅವನ ಸುತ್ತ ಬಂದೂಕು ಹೊತ್ತು ನಡೆಯುತ್ತಿರುವ ಕಪ್ಪು ಸೈನಿಕರು. ಒಬ್ಬೊಬ್ಬರ ಮುಖ ಒಂದೊಂದು ಥರ. ಗಡ್ಡದ ನಡುವಯಸ್ಸಿನವನೊಬ್ಬ, ಮೀಸೆ ಮೂಡದ ಡೋಲು ಹುಡುಗನೊಬ್ಬ. ಗುಲಾಮಗಿರಿಯ ವಿಷಯಕ್ಕೆ ಉತ್ತರದ, ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಪರವಾಗಿ ಹೋರಾಡಿದ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟ್ ಇದು. ಕುದುರೆ ಮೇಲಿರುವವನು ಕರ್ನಲ್ ರಾಬರ್ಟ್ ಗೌಲ್ಡ್ ಶಾ. 1863ರ ಜುಲೈ 18ರಂದು ದಕ್ಷಿಣ ಕ್ಯಾರೊಲಿನಾದ ವ್ಯಾಗ್ನರ್ ಕೋಟೆಗೆ ನುಗ್ಗುವಾಗ ಸತ್ತ. ಅವನ ಜೊತೆ ನುಗ್ಗಿದ ಸುಮಾರು 600 ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಸತ್ತರು, ಗಾಯಗೊಂಡರು ಇಲ್ಲವೇ ಪತ್ತೆಯಾಗಲಿಲ್ಲ.

ಮಗಳು "ಅಮ್ಮಾ, ಮುಂದೆ ನಿಂತ್ಕೊ, ಫೋಟೋ ತೆಗೀತೀನಿ" ಅಂದಳು. ನಾನು ಆಗಲೇ ಪಾರ್ಕಿನ ಕಡೆ ಇಳಿದು ಹಿಂದುಗಡೆಗೆ ಹೋಗಿದ್ದೆ. ಅಲ್ಲಿ ಕಲ್ಲಿನಲ್ಲಿ ಹೆಸರು ಕೆತ್ತಿದ್ದರು. ಸಾಲು ಸಾಲು ಹೆಸರು. ಅವಳು ಫೋನಿನಲ್ಲಿ ನೋಡಿ ಹೇಳಿದಳು. ಶಿಲ್ಪ ನಿಲ್ಲಿಸಿದ್ದು 1897ರಲ್ಲಿ. ಆಗ ಸತ್ತ ಬಿಳಿಯ ಅಧಿಕಾರಿಗಳ ಹೆಸರು ಮಾತ್ರ ಕೆತ್ತಿದ್ದರಂತೆ. ಸತ್ತ ಕಪ್ಪು ಸೈನಿಕರ ಹೆಸರು ಸೇರಿಸಿದ್ದು 1980ರ ದಶಕದಲ್ಲಿ. ಎಂಬತ್ತು ವರ್ಷಕ್ಕೂ ಮೇಲೆ ಆ ಮುಖಗಳು ಮುಂದೆ ಇದ್ದವು, ಹೆಸರು ಎಲ್ಲೂ ಇರಲಿಲ್ಲ.

ತಾಲ್ಲೂಕು ಕಚೇರಿಗೆ ಒಮ್ಮೆಯಾದರೂ ಅಲೆದವರಿಗೆ ಹಿಂಬರಹ ಅಂದರೆ ಏನು ಅಂತ ಗೊತ್ತಿರುತ್ತದೆ. ನೀವು ಕೊಟ್ಟ ಅರ್ಜಿಗೆ ಕಚೇರಿ ಕೊಡುವ ಉತ್ತರ. 'ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ಸೂಕ್ತ ದಾಖಲೆಗಳು ಇಲ್ಲದ ಕಾರಣ...' ಅಂತ ಶುರುವಾಗುತ್ತದೆ. ಬಹುಪಾಲು ಹಿಂಬರಹ 'ಇಲ್ಲ' ಅನ್ನುವುದಕ್ಕೇ ಇರುವುದು. ನಾನು ಪಿಂಚಣಿ ಶಾಖೆಯಲ್ಲಿ ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಆ ಕಲ್ಲಿನ ಹಿಂದೆ ನಿಂತಾಗ ಆ ಪದ ಯಾಕೋ ತಲೆಗೆ ಬಂತು. ಊರಿಗೆ ಬಂದ ಮೇಲೂ ಹೋಗಿಲ್ಲ.

ಸಿಪಾಯಿಯೋ, ಕೂಲಿಯೋ

ಮಗಳು ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನೊಬ್ಬಳೇ. ಅವರೂರಿನ ಲೈಬ್ರರಿಯಿಂದ ಪುಸ್ತಕ ತಂದುಕೊಟ್ಟಿದ್ದಳು. ಯುದ್ಧದ ನಕ್ಷೆ, ಬಾಣದ ಗುರುತು, ಯಾವ ಜನರಲ್ ಎಲ್ಲಿಂದ ಬಂದ, ಇದೆಲ್ಲ ನನ್ನ ತಲೆಗೆ ಹತ್ತುವುದಿಲ್ಲ. ಹಾಳೆ ಹಾರಿಸುತ್ತಾ ಹೋದೆ. ಸಂಬಳದ ಲೆಕ್ಕ ಬಂದ ಕಡೆ ಮಾತ್ರ ನಿಂತೆ.

ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಬಟ್ಟೆ ಭತ್ಯೆ ಬೇರೆ. ಕಪ್ಪು ಸಿಪಾಯಿಗೆ 10 ಡಾಲರ್, ಅದರಲ್ಲಿ ಬಟ್ಟೆಗೆಂದು 3 ಕಡಿತ. ಕೈಗೆ ಬರುವುದು 7. ಯಾಕೆ ಹೀಗೆ? ಯಾರೋ ಒಬ್ಬ ದುಷ್ಟ ಅಧಿಕಾರಿ ಕೂತು ಮಾಡಿದ್ದಲ್ಲ. 1862ರ ಕಾನೂನಿನಲ್ಲಿ ಕಪ್ಪು ಜನರನ್ನು ಸೈನ್ಯಕ್ಕೆ ತೆಗೆದುಕೊಳ್ಳುವಾಗ ಮನಸ್ಸಿನಲ್ಲಿ ಇದ್ದದ್ದು ಗುಂಡಿ ತೋಡುವ, ಮೂಟೆ ಹೊರುವ ಕೆಲಸ. ಕೂಲಿಯವರ ದರ 10 ಡಾಲರ್ ಅಂತ ಬರೆದಿತ್ತು. ಆಮೇಲೆ ಅವರ ಕೈಗೆ ಬಂದೂಕು ಕೊಟ್ಟರು, ಪುಸ್ತಕದಲ್ಲಿದ್ದ ದರ ಹಾಗೇ ಉಳಿಯಿತು. ಇದು ನನಗೆ ಚೆನ್ನಾಗಿ ಅರ್ಥವಾಗುವ ವಿಷಯ. ಇಪ್ಪತ್ತು ವರ್ಷ ಖಾಯಂ ನೌಕರರ ಕೆಲಸವನ್ನೇ ಮಾಡಿಯೂ ದಿನಗೂಲಿ ಪಟ್ಟಿಯಲ್ಲೇ ಉಳಿದವರನ್ನು ನೋಡಿದ್ದೇನೆ. ಕೆಲಸ ಏನು ಅನ್ನೋದು ಮುಖ್ಯವಲ್ಲ, ಯಾವ ಪಟ್ಟಿಯಲ್ಲಿ ಹೆಸರಿದೆ ಅನ್ನೋದೇ ಮುಖ್ಯ.

54ನೇ ರೆಜಿಮೆಂಟಿನ ಜೇಮ್ಸ್ ಹೆನ್ರಿ ಗೂಡಿಂಗ್ ಅನ್ನೋ ಕಾರ್ಪೊರಲ್ 1863ರ ಸೆಪ್ಟೆಂಬರಿನಲ್ಲಿ ನೇರವಾಗಿ ಅಧ್ಯಕ್ಷ ಲಿಂಕನ್‌ಗೆ ಕಾಗದ ಬರೆದ. ಅದರಲ್ಲಿ ಒಂದೇ ಪ್ರಶ್ನೆ. ನಾವು ಸಿಪಾಯಿಗಳೋ, ಕೂಲಿಗಳೋ? ಕಚೇರಿಯಲ್ಲಿ ಕೂತವರು ಉತ್ತರ ಕೊಡಲಾಗದ ಹಾಗೆ ಬರೆದ ಅರ್ಜಿ ಅಂದರೆ ಇದು. ಅಳು ಇಲ್ಲ, ಬೈಗುಳ ಇಲ್ಲ. ನಮ್ಮ ಹುದ್ದೆ ಯಾವುದು ಹೇಳಿ, ಅಷ್ಟೇ.

ಹಣ ಕಡಿಮೆ ಅಂತ ಅವರು ಮಾಡಿದ್ದೇನು ಗೊತ್ತಾ? ಅಷ್ಟನ್ನೂ ಮುಟ್ಟಲಿಲ್ಲ. ಹದಿನೆಂಟು ತಿಂಗಳು ಸಂಬಳವೇ ಇಲ್ಲದೆ ಯುದ್ಧ ಮಾಡಿದರು. ಮ್ಯಾಸಚೂಸೆಟ್ಸ್ ರಾಜ್ಯ ಪಾಪ, ವ್ಯತ್ಯಾಸದ ಹಣ ನಾವೇ ಕೊಡುತ್ತೇವೆ ಅಂತ ಮುಂದೆ ಬಂತು. ಅದೂ ಬೇಡ ಅಂದರು. ಮನೆಯಲ್ಲಿ ಹೆಂಡತಿ ಮಕ್ಕಳು ಏನು ತಿನ್ನುತ್ತಿದ್ದರು ಅನ್ನೋದನ್ನು ಒಂದು ನಿಮಿಷ ಯೋಚನೆ ಮಾಡಿ. ದಕ್ಷಿಣ ಕ್ಯಾರೊಲಿನಾದ ಇನ್ನೊಂದು ಕಪ್ಪು ರೆಜಿಮೆಂಟಿನಲ್ಲಿ ವಿಲಿಯಂ ವಾಕರ್ ಅನ್ನೋ ಸಾರ್ಜೆಂಟ್, ಸರಿಯಾದ ಸಂಬಳ ಕೊಡದಿದ್ದರೆ ನಾವು ಸಿಪಾಯಿಗಳೇ ಅಲ್ಲ ಅಂತ ತನ್ನವರನ್ನು ಕರಕೊಂಡು ಹೋಗಿ ಕರ್ನಲ್ ಡೇರೆಯ ಮುಂದೆ ಬಂದೂಕು ಇಡಿಸಿದ. ದಂಗೆ ಅಂತ ವಿಚಾರಣೆ ನಡೆಯಿತು. 1864ರ ಫೆಬ್ರವರಿ 29ರಂದು ಅವನದೇ ಸೈನ್ಯ ಅವನನ್ನು ಗುಂಡಿಟ್ಟು ಕೊಂದಿತು.

ಸಮಾನ ವೇತನದ ಕಾನೂನು ಬಂದದ್ದು ಅದೇ ವರ್ಷ ಜೂನಿನಲ್ಲಿ. ಅಲ್ಲೂ ಒಂದು ಕೊಕ್ಕೆ. 1861ರ ಏಪ್ರಿಲ್ 19ರಂದು ಯಾರು ಸ್ವತಂತ್ರರಾಗಿದ್ದರೋ ಅವರಿಗೆ ಮಾತ್ರ ಸೇರಿದ ದಿನದಿಂದ ಪೂರ್ತಿ ಬಾಕಿ. ಗುಲಾಮರಾಗಿದ್ದವರಿಗೆ ಇಲ್ಲ. ಆಗ 54ರ ಕರ್ನಲ್ ಆಗಿದ್ದ ಎಡ್ವರ್ಡ್ ಹ್ಯಾಲೊವೆಲ್ ಒಂದು ಪ್ರಮಾಣವಚನ ಬರೆದ. ಆ ತಾರೀಖಿನಂದು ನಾನು ಯಾರಿಗೂ ಬಿಟ್ಟಿ ದುಡಿಮೆಯ ಋಣದಲ್ಲಿ ಇರಲಿಲ್ಲ ಅಂತ ದೇವರ ಮೇಲೆ ಆಣೆ ಮಾಡಬೇಕು. ಗುಲಾಮನಾಗಿದ್ದವನೂ ಎದೆ ತಟ್ಟಿ ಆಣೆ ಮಾಡಬಹುದಿತ್ತು. ಯಾರ ಋಣ? ಯಾವ ನ್ಯಾಯದಿಂದ? ನನ್ನ ಇಡೀ ಸರ್ವಿಸಿನಲ್ಲಿ ಇಂಥ ಚೆಂದದ ಅಫಿಡವಿಟ್ ನೋಡಿಲ್ಲ. ಅಂತೂ ಸೆಪ್ಟೆಂಬರಿನಲ್ಲಿ ಹಣ ಬಂತು. ಗೂಡಿಂಗ್‌ಗೆ ಬರಲಿಲ್ಲ. ಫ್ಲಾರಿಡಾದ ಯುದ್ಧದಲ್ಲಿ ಗಾಯಗೊಂಡು ಸೆರೆ ಸಿಕ್ಕಿದ್ದ. ಕಾನೂನು ಪಾಸಾಗಿ ಒಂದು ತಿಂಗಳು ಚಿಲ್ಲರೆ ದಿನಕ್ಕೆ ಆಂಡರ್ಸನ್‌ವಿಲ್ ಸೆರೆಮನೆಯಲ್ಲಿ ಸತ್ತ.

ತೂಬು ತೆಗೆದ ಬೆಳಗ್ಗೆ

ಇನ್ನೊಂದು ಹೆಸರು ಈ ಓದಿನಲ್ಲಿ ಪದೇ ಪದೇ ಅಡ್ಡ ಬರುತ್ತಿತ್ತು. ಹ್ಯಾರಿಯಟ್ ಟಬ್ಮನ್. ಗುಲಾಮರನ್ನು ರಾತ್ರೋರಾತ್ರಿ ಉತ್ತರಕ್ಕೆ ದಾಟಿಸಿದವಳು ಅಂತ ನಮ್ಮಲ್ಲೂ ಬಹಳ ಜನಕ್ಕೆ ಗೊತ್ತು. ಯುದ್ಧದಲ್ಲಿ ಏನು ಮಾಡಿದಳು ಅನ್ನೋದು ನನಗೆ ಗೊತ್ತಿರಲಿಲ್ಲ.

1862ರಲ್ಲಿ ಆಕೆ ದಕ್ಷಿಣ ಕ್ಯಾರೊಲಿನಾದ ಬ್ಯೂಫರ್ಟ್‌ಗೆ ಹೋದಳು. ಆ ಕರಾವಳಿ ಆಗಲೇ ಉತ್ತರದವರ ಕೈಯಲ್ಲಿತ್ತು. ಅಲ್ಲಿ ಕಾಯಿಲೆಯವರ ಶುಶ್ರೂಷೆ, ಅಡುಗೆ. ಜೊತೆಗೆ ಸದ್ದಿಲ್ಲದೆ ಇನ್ನೊಂದು ಕೆಲಸ. ಎಂಟು ಒಂಬತ್ತು ಜನ ಸ್ಥಳೀಯ ಕಪ್ಪು ಗಂಡಸರ ಒಂದು ತಂಡ ಕಟ್ಟಿಕೊಂಡು ಶತ್ರುವಿನ ಕಡೆ ಹೊಳೆ, ಕಾಲುವೆ, ಕಾವಲು ಎಲ್ಲ ಎಲ್ಲೆಲ್ಲಿ ಇದೆ ಅಂತ ಪತ್ತೆ ಹಚ್ಚುವುದು. ಸೈನ್ಯದ ರೇಷನ್ ಮೊದಮೊದಲು ತಗೊಳ್ಳುತ್ತಿದ್ದಳು. ಇವಳಿಗೆ ಮಾತ್ರ ಯಾಕೆ ಅಂತ ಅಲ್ಲಿನವರು ಮುನಿಸಿಕೊಂಡಾಗ ಬಿಟ್ಟಳು. ಹಗಲೆಲ್ಲ ಆಸ್ಪತ್ರೆ, ರಾತ್ರಿ ಕೂತು ಐವತ್ತರಷ್ಟು ಪೈ, ಶುಂಠಿ ಕೇಕು, ರೂಟ್ ಬಿಯರ್ ಅನ್ನೋ ಬೇರಿನ ಪಾನೀಯ ಎರಡು ಪೀಪಾಯಿ ಮಾಡುವುದು. ಬೆಳಗ್ಗೆ ಯಾರಾದರೂ ಅದನ್ನು ಕ್ಯಾಂಪಿನಲ್ಲಿ ಮಾರಿ ಬರುವುದು. ಹೊಟ್ಟೆಪಾಡು ಅದರಿಂದ. ಬೇಹುಗಾರಿಕೆ ಸರ್ಕಾರಕ್ಕೆ, ಊಟ ಸ್ವಂತ ಖರ್ಚಿನಲ್ಲಿ.

1863ರ ಜೂನ್ 2. ಕಂಬೀ ಅನ್ನೋ ಹೊಳೆ (ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು 'ಕಾಂಬಾಹೀ' ಅಂತ ಓದಿ ಮಗಳಿಂದ ನಗಿಸಿಕೊಂಡೆ). ಆ ಹೊಳೆಯ ಎರಡೂ ದಂಡೆಗೆ ಭತ್ತದ ಗದ್ದೆಗಳು. ಅಮೆರಿಕದಲ್ಲಿ ಭತ್ತವಾ ಅಂತ ನನಗೂ ಆಶ್ಚರ್ಯ ಆಯಿತು. ಆ ಕರಾವಳಿಯ ಜಮೀನ್ದಾರರು ಶ್ರೀಮಂತರಾದದ್ದೇ ಭತ್ತದಿಂದ. ಬೆಳೆದವರು ಗುಲಾಮರು. ಅವರ ಹಿರಿಯರಲ್ಲಿ ಎಷ್ಟೋ ಜನ ಪಶ್ಚಿಮ ಆಫ್ರಿಕಾದ ಭತ್ತ ಬೆಳೆಯುವ ನಾಡಿನಿಂದ ಬಂದವರು. ಸಮುದ್ರದ ಉಬ್ಬರಕ್ಕೆ ಹೊಳೆಯ ನೀರು ಏರುತ್ತದೆ. ತೂಬು ತೆಗೆದರೆ ನೀರು ಗದ್ದೆಗೆ, ಇಳಿತದಲ್ಲಿ ಮತ್ತೆ ಹೊರಗೆ. ಮಲೆನಾಡಿನ ಅಂಚಿನಲ್ಲಿ ಕೆರೆ ಕೆಳಗಿನ ಗದ್ದೆ ನೋಡಿ ಬೆಳೆದವಳು ನಾನು. ಕೆಸರಲ್ಲಿ ದಿನವಿಡೀ ನಿಂತರೆ ಕಾಲಿನ ಬೆರಳ ಸಂದು ಏನಾಗುತ್ತದೆ ಅಂತ ಗೊತ್ತು. ಅಲ್ಲಿ ಮೊಸಳೆ, ಹಾವು, ಮಲೇರಿಯಾ ಬೇರೆ.

ಕರ್ನಲ್ ಜೇಮ್ಸ್ ಮಾಂಟ್ಗೊಮರಿ, ಅವನ ಕಪ್ಪು ಸೈನಿಕರು, ಹ್ಯಾರಿಯಟ್. ಮೂರು ಹಡಗಿನಲ್ಲಿ ಹೊರಟರು. ಒಂದು ಮರಳಿಗೆ ಸಿಕ್ಕಿಕೊಂಡಿತು. ಎರಡು ಕತ್ತಲಲ್ಲೇ ಹೊಳೆ ಹತ್ತಿದವು. ನೀರಿನಲ್ಲಿ ಸ್ಫೋಟಕ ಎಲ್ಲೆಲ್ಲಿ ಇಟ್ಟಿದ್ದಾರೆ ಅನ್ನೋದನ್ನು ಆ ತಂಡ ಮೊದಲೇ ತಿಳಿದುಕೊಂಡಿತ್ತು. ಅದನ್ನು ಯಾರು ಹೇಳಿರಬೇಕು? ಗದ್ದೆಯಲ್ಲಿ ಇದ್ದವರೇ ತಾನೆ. ದಡ ಮುಟ್ಟಿದ ಸೈನಿಕರು ಅಕ್ಕಿ ಗಿರಣಿ, ಕಣಜ, ಯಜಮಾನರ ಮನೆ ಸುಟ್ಟರು, ತೂಬು ಒಡೆದು ನೀರು ಬಿಟ್ಟರು. ಹಡಗಿನ ಸಿಳ್ಳೆ ಕೇಳಿ ಗದ್ದೆಯ ಜನ ಓಡಿಬಂದರು.

ಆ ದೃಶ್ಯವನ್ನು ಹ್ಯಾರಿಯಟ್ ಆಮೇಲೆ ಜೀವನವಿಡೀ ನಗುತ್ತಾ ಹೇಳುತ್ತಿದ್ದಳು. ಒಬ್ಬ ಹೆಂಗಸು ಒಲೆ ಮೇಲಿದ್ದ ಅನ್ನದ ಪಾತ್ರೆಯನ್ನು ಹಾಗೇ ತಲೆ ಮೇಲೆ ಇಟ್ಟುಕೊಂಡು ಬಂದಿದ್ದಾಳೆ. ಹಬೆ ಏಳುತ್ತಿದೆ. ಬೆನ್ನಿಗೆ ಜೋತುಬಿದ್ದ ಮಗು ಒಂದು ಕೈಯಲ್ಲಿ ಅಮ್ಮನ ಹಣೆ ಹಿಡಿದು ಇನ್ನೊಂದು ಕೈಯನ್ನು ಅನ್ನದ ಪಾತ್ರೆಗೆ ಹಾಕಿ ತಿನ್ನುತ್ತಿದೆ. ಇನ್ನೆರಡು ಮೂರು ಮಕ್ಕಳು ಲಂಗ ಹಿಡಿದಿವೆ. ಚೀಲದಲ್ಲಿ ಹಂದಿಮರಿ. ಹಡಗಿಗೆ ಎರಡು ಹಂದಿ ಹತ್ತಿಸಿದರಂತೆ, ಒಂದು ಬಿಳಿ, ಒಂದು ಕಪ್ಪು. ಬಿಳಿಯದಕ್ಕೆ ಶತ್ರುಗಳ ಜನರಲ್ ಬೋರಿಗಾರ್ಡನ ಹೆಸರು, ಕಪ್ಪಿಗೆ ಅವರ ಅಧ್ಯಕ್ಷ ಜೆಫ್ ಡೇವಿಸನ ಹೆಸರು ಇಟ್ಟರು. ಓದುತ್ತಾ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಆಮೇಲೆ ಆ ಅನ್ನದ ಪಾತ್ರೆ ಯೋಚಿಸಿ ಸುಮ್ಮನಾದೆ. ಬಿಡುಗಡೆ ಬಂದಾಗಲೂ ಆ ತಾಯಿ ಅರ್ಧ ಬೆಂದ ಅನ್ನ ಬಿಟ್ಟು ಬರಲಿಲ್ಲ. ಮಕ್ಕಳಿಗೆ ಮಧ್ಯಾಹ್ನ ಹಸಿವಾಗುತ್ತದಲ್ಲ.

ಅವತ್ತು 700ಕ್ಕೂ ಹೆಚ್ಚು ಜನ ಬಿಡುಗಡೆಯಾದರು. ಹಡಗಿಗೆ ಒಯ್ಯುವ ಚಿಕ್ಕ ದೋಣಿಗಳನ್ನು ಜನ ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲವಂತೆ, ತಮ್ಮನ್ನು ಬಿಟ್ಟು ಹೋದರೆ ಅಂತ ಭಯ. ಕರ್ನಲ್ ಹ್ಯಾರಿಯಟ್‌ಗೆ ಒಂದು ಹಾಡು ಹೇಳು ಅಂದ. ಹಾಡಿಗೆ ಚಪ್ಪಾಳೆ ತಟ್ಟಲು ಅವರು ಕೈ ಎತ್ತಿದಾಗ ದೋಣಿ ನೂಕಿದರು.

ಅದೇ ತಿಂಗಳ ಕೊನೆಗೆ ಆಕೆ ಬಾಸ್ಟನ್ನಿನ ಗೆಳೆಯರಿಗೆ ಕಾಗದ ಬರೆಸಿದಳು. ಓದು ಬರಹ ಬರುತ್ತಿರಲಿಲ್ಲ, ಬೇರೆಯವರ ಕೈಯಲ್ಲಿ ಬರೆಸಬೇಕು. ಅದರಲ್ಲಿ ಕೇಳಿದ್ದು ಪದಕ ಅಲ್ಲ, ಬಟ್ಟೆ. ದಾಳಿಯ ದಿನ ಕಾಯಿಲೆಯ ಹೆಂಗಸೊಬ್ಬಳ ಎರಡು ಹಂದಿ ಎತ್ತಿಕೊಂಡು ಓಡುವಾಗ ಉದ್ದ ಲಂಗದ ಮೇಲೆ ಕಾಲಿಟ್ಟು ಬಿದ್ದಿದ್ದಾಳೆ. ಲಂಗ ಚಿಂದಿ. ಇನ್ನು ಇಂಥ ಕೆಲಸಕ್ಕೆ ಲಂಗ ಹಾಕಿಕೊಂಡು ಹೋಗಲ್ಲ, ಗಟ್ಟಿ ಬಟ್ಟೆಯ ಬ್ಲೂಮರ್ (ಸಡಿಲ ಪ್ಯಾಂಟಿನಂಥ ಉಡುಪು) ಒಂದು ಕಳಿಸಿ ಅಂತ. ಸೀರೆ ಎತ್ತಿ ಸಿಕ್ಕಿಸಿಕೊಂಡು ನಾಟಿಗೆ ಇಳಿಯುವ ನಮ್ಮ ಕಡೆಯವರಿಗೆ ಈ ಕಾಗದದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಸಿಕ್ಕಿಬಿದ್ದವಳ ಫೋಟೋ

ಬೇಹುಗಾರಿಕೆ ಮಾಡಿದ ಹೆಂಗಸರು ಎರಡೂ ಕಡೆ ಇದ್ದರು. ದಕ್ಷಿಣದ ಪರ ಇದ್ದ ರೋಸ್ ಗ್ರೀನ್‌ಹೌ ವಾಷಿಂಗ್ಟನ್ನಿನ ದೊಡ್ಡ ಮನೆತನಗಳ ನಡುವೆ ಓಡಾಡುತ್ತಿದ್ದವಳು. 1861ರ ಜುಲೈಯಲ್ಲಿ ಉತ್ತರದ ಸೈನ್ಯ ಹೊರಡುವ ಸುದ್ದಿಯನ್ನು ಗೂಢಲಿಪಿಯಲ್ಲಿ ಬರೆದು ಬೆಟ್ಟಿ ಡುವಾಲ್ ಅನ್ನೋ ಹುಡುಗಿಯ ಕೈಯಲ್ಲಿ ಕಳಿಸಿದಳು. ಕೈಯಲ್ಲಿ ಅಂದರೆ ತಪ್ಪು. ತುರುಬಿನಲ್ಲಿ. ಚಿಕ್ಕ ರೇಷ್ಮೆ ಚೀಲದಲ್ಲಿ ಚೀಟಿ ಇಟ್ಟು ಕೂದಲು ಸುತ್ತಿ ಕಟ್ಟಿದ್ದಳು. ಆ ಕಡೆಯ ಅಧಿಕಾರಿಯ ಮುಂದೆ ತುರುಬು ಬಿಚ್ಚಿ ಕೊಟ್ಟಳು. ಗ್ರೀನ್‌ಹೌ ಆಮೇಲೆ ಸಿಕ್ಕಿಬಿದ್ದಳು. ಜೈಲಿನ ಅಂಗಳದಲ್ಲಿ ಮಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ತೆಗೆಸಿದ ಅವಳ ಫೋಟೋ ಇವತ್ತಿಗೂ ಇದೆ.

ರಿಚ್ಮಂಡ್ ನಗರದಲ್ಲಿ, ಶತ್ರುವಿನ ರಾಜಧಾನಿಯಲ್ಲೇ, ಉತ್ತರದ ಪರವಾಗಿ ಎಲಿಜಬೆತ್ ವ್ಯಾನ್ ಲ್ಯೂ ಅನ್ನೋ ಶ್ರೀಮಂತ ಹೆಂಗಸು ದೊಡ್ಡ ಜಾಲ ನಡೆಸುತ್ತಿದ್ದಳು. ಆ ಜಾಲದಲ್ಲಿ ಮೇರಿ ರಿಚರ್ಡ್ಸ್ ಅನ್ನೋ ಕಪ್ಪು ಹೆಂಗಸು ಇದ್ದಳು. ಆಕೆಯ ಬಗ್ಗೆ ನೂರು ಕಥೆ ಹುಟ್ಟಿವೆ. ಕೆಲಸದವಳ ವೇಷದಲ್ಲಿ ಜೆಫರ್ಸನ್ ಡೇವಿಸನ ಮನೆ ಸೇರಿದಳು, ಮೇಜಿನ ಮೇಲಿನ ಕಾಗದ ಕಣ್ಣಾಡಿಸಿ ಅಕ್ಷರ ಬಿಡದೆ ಒಪ್ಪಿಸುತ್ತಿದ್ದಳು, ಹೀಗೆ. ಯುದ್ಧ ಮುಗಿದ ವರ್ಷ ನ್ಯೂಯಾರ್ಕಿನಲ್ಲಿ ಭಾಷಣ ಮಾಡುವಾಗ ಆಕೆಯೇ ಹೇಳಿಕೊಂಡದ್ದು ಇನ್ನೂ ಸರಳ. ಒಗೆಯುವ ಬಟ್ಟೆ ಇದೆಯಾ ಅಂತ ಕೇಳುವ ನೆಪದಲ್ಲಿ ಡೇವಿಸನ ಮನೆಯೊಳಗೆ ಹೋದೆ ಅಂತ. ನನಗೆ ಇದೇ ಜಾಸ್ತಿ ನಿಜ ಅನಿಸುತ್ತದೆ. ಬಟ್ಟೆ ಕೇಳಲು ಬಂದವಳ ಮುಖವನ್ನು ಯಾರು ನೋಡುತ್ತಾರೆ? ಅವಳಿಗೆ ಓದಲು ಬರುತ್ತದೆ ಅಂತ ಯಾರಿಗೆ ಹೊಳೆಯುತ್ತದೆ?

ಇಂಟರ್ನೆಟ್ಟಿನಲ್ಲಿ ಮೇರಿಯದು ಅಂತ ಒಂದು ಫೋಟೋ ಎಲ್ಲ ಕಡೆ ಓಡಾಡುತ್ತಿತ್ತು. ಅದು ಆಕೆಯದಲ್ಲ. ಅದೇ ಹೆಸರಿನ, ಎಷ್ಟೋ ವರ್ಷ ಆಮೇಲಿನ ಬೇರೆ ಯಾರೋ ಹೆಂಗಸಿನದು. ಯುದ್ಧ ಮುಗಿದ ಮೇಲೆ ವ್ಯಾನ್ ಲ್ಯೂ ತಾನು ಕಳಿಸಿದ ಪತ್ರಗಳನ್ನೆಲ್ಲ ಯುದ್ಧ ಇಲಾಖೆಯಿಂದ ವಾಪಸ್ ತರಿಸಿಕೊಂಡಳು. ರಿಚ್ಮಂಡಿನಲ್ಲೇ ಬಾಳಬೇಕಿತ್ತು ಅವಳು. ಅಕ್ಕಪಕ್ಕದವರಿಗೆ ಗೊತ್ತಾದರೆ ಉಳಿಗಾಲ ಇರಲಿಲ್ಲ. ಕಡತವೇ ಹೋಯಿತು. ಸಿಕ್ಕಿಬಿದ್ದವಳ ಫೋಟೋ ಅಸಲಿ. ಸಿಕ್ಕಿಬೀಳದವಳದು ಇನ್ಯಾರದೋ.

ಇಲ್ಲಿ ನನಗೊಂದು ಅಜ್ಜಿ ನೆನಪಾಗಲೇಬೇಕು. ಕೆಲಸಕ್ಕೆ ಸೇರಿ ಎರಡು ಮೂರು ವರ್ಷ ಆಗಿತ್ತು, 1988 ಇರಬೇಕು. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಅರ್ಜಿ ಹಿಡಿದು ಬಂದಿದ್ದಳು. ಬರೆದುಕೊಟ್ಟವನು ಕಚೇರಿ ಮುಂದಿನ ಟೈಪಿಸ್ಟ್. 1942ರಲ್ಲಿ, ಈಸೂರಿನ ಸುದ್ದಿ ನಮ್ಮ ಕಡೆಯೆಲ್ಲ ಹಬ್ಬಿದ್ದ ಕಾಲದಲ್ಲಿ, ಇವಳು ಹದಿನಾಲ್ಕು ಹದಿನೈದರ ಹುಡುಗಿ. ಮಜ್ಜಿಗೆ ಮಾರಲು ಪೇಟೆಗೆ ಬರುತ್ತಿದ್ದವಳು ತಲೆ ಮೇಲಿನ ಸಿಂಬೆಯ ಮಡಿಕೆಯಲ್ಲಿ ಚೀಟಿ ಇಟ್ಟುಕೊಂಡು ಕಾಡಲ್ಲಿ ಅಡಗಿದ್ದವರಿಗೆ ಮುಟ್ಟಿಸುತ್ತಿದ್ದಳಂತೆ. ಸಿಂಬೆ ಮೇಲೆ ಗಡಿಗೆ. ಪೊಲೀಸರು ಗಡಿಗೆ ಇಳಿಸಿ ಒಳಗೆ ನೋಡುತ್ತಿದ್ದರು, ಮಜ್ಜಿಗೆ ಕುಡಿದು ಕಳಿಸುತ್ತಿದ್ದರು. ಸಿಂಬೆ ಬಿಚ್ಚಿ ಯಾರೂ ನೋಡಲಿಲ್ಲ.

ಆ ಪಿಂಚಣಿಗೆ ಜೈಲಿನ ದೃಢೀಕರಣ ಬೇಕು. ಕೇಂದ್ರದ ಯೋಜನೆಯಲ್ಲಿ ಗಂಡಸರು ಕಡೇಪಕ್ಷ 6 ತಿಂಗಳು ಜೈಲಿನಲ್ಲಿ ಇದ್ದಿರಬೇಕು, ಹೆಂಗಸರು 3 ತಿಂಗಳು. ಭೂಗತರಾಗಿದ್ದೆವು ಅಂದರೆ ವಾರೆಂಟೋ ಇನ್ನೊಂದೋ ಸರ್ಕಾರಿ ಕಾಗದ ತೋರಿಸಬೇಕು. ನಾನು ನಿಧಾನವಾಗಿ ಬಿಡಿಸಿ ಹೇಳಿದೆ. ಅಜ್ಜಿ, ನೀವು ಜೈಲಿಗೆ ಹೋಗಿದ್ರಾ? ಇಲ್ಲ. ನಿಮ್ಮ ಮೇಲೆ ಕೇಸು ಏನಾದ್ರೂ? ಇಲ್ಲ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಕೇಳಿದಳು. "ಹಂಗಾರೆ ಸಿಕ್ಕಿಬಿದ್ದಿದ್ರೆ ಬರ್ತಿತ್ತೇನವ್ವಾ?"

ಹೌದಜ್ಜಿ, ಅಂದೆ. ಇನ್ನೇನು ಹೇಳಲಿ? ನಿಯಮ ಹಾಗೇ ಇತ್ತು.

ಹೆಸರು ತಾಳೆಯಾಗುತ್ತಿಲ್ಲ

ಹ್ಯಾರಿಯಟ್ ಕಥೆಗೆ ವಾಪಸ್ ಬರುತ್ತೇನೆ. ನನ್ನ ಶಾಖೆಯ ವಿಷಯ ಇರುವುದು ಇಲ್ಲೇ. ಯುದ್ಧದ ಮೂರು ವರ್ಷದಲ್ಲಿ ಆಕೆಗೆ ಸರ್ಕಾರದಿಂದ ಸಿಕ್ಕಿದ್ದು 200 ಡಾಲರ್. ಅದರಲ್ಲೂ ಬಿಡುಗಡೆಯಾದ ಹೆಂಗಸರು ದುಡಿದು ತಿನ್ನಲಿ ಅಂತ ಬಟ್ಟೆ ಒಗೆಯುವ ಮನೆಯೊಂದನ್ನು ಕಟ್ಟಿಸಿದಳು. 1869ರಲ್ಲಿ ನೆಲ್ಸನ್ ಡೇವಿಸ್ ಅನ್ನೋ ಮಾಜಿ ಸೈನಿಕನನ್ನು ಮದುವೆಯಾದಳು. ಅವನು 1888ರಲ್ಲಿ ತೀರಿಕೊಂಡ. 1890ರಲ್ಲಿ ಸೈನಿಕರ ವಿಧವೆಯರಿಗೆ ಪಿಂಚಣಿ ಕಾನೂನು ಬಂತು, ಆಕೆ ಅರ್ಜಿ ಹಾಕಿದಳು. ಮಂಜೂರಾದದ್ದು 1895ರಲ್ಲಿ. ಐದು ವರ್ಷ ಯಾಕೆ? ಸೈನ್ಯದ ದಾಖಲೆಯಲ್ಲಿ ಅವನ ಹೆಸರು ನೆಲ್ಸನ್ ಚಾರ್ಲ್ಸ್ ಅಂತ ಇತ್ತು. ಡೇವಿಸ್ ಅಂದರೂ ಚಾರ್ಲ್ಸ್ ಅಂದರೂ ಒಬ್ಬನೇ ಮನುಷ್ಯ ಅಂತ ವಿಧವೆ ಸಾಬೀತು ಮಾಡಬೇಕು.

ಇದನ್ನು ಓದಿದಾಗ ನಿಜವಾಗಿ ಮೈ ಬೆಚ್ಚಗಾಯಿತು. ರೇಷನ್ ಕಾರ್ಡಿನಲ್ಲಿ ಹನುಮಂತಪ್ಪ, ಓಟರ್ ಲಿಸ್ಟಿನಲ್ಲಿ ಹನುಮಪ್ಪ, ಮರಣ ಪತ್ರದಲ್ಲಿ ಹನ್ಮಪ್ಪ. 'ಹೆಸರು ತಾಳೆಯಾಗುತ್ತಿಲ್ಲ, ಸ್ಪಷ್ಟೀಕರಣ ಪಡೆಯುವುದು.' ಈ ಸಾಲನ್ನು ನಾನು ನಿದ್ದೆಯಲ್ಲೂ ಬರೆಯಬಲ್ಲೆ. ಗುಲಾಮಗಿರಿಯಿಂದ ಹೊರಬಂದವರು ಯಜಮಾನ ಇಟ್ಟ ಹೆಸರು ಬಿಟ್ಟು ಅಪ್ಪನ ಹೆಸರನ್ನೋ ತಮಗಿಷ್ಟವಾದ ಹೆಸರನ್ನೋ ಇಟ್ಟುಕೊಂಡರು. ಸ್ವತಂತ್ರರಾದ ಮೇಲೆ ಮೊದಲು ಮಾಡಿದ ಕೆಲಸವೇ ಅದು. ಎಷ್ಟೋ ವರ್ಷದ ಮೇಲೆ ಪಿಂಚಣಿ ಕಚೇರಿಯಲ್ಲಿ ಅದೇ ಆಕ್ಷೇಪಣೆಯಾಗಿ ಕೂತಿತು. ನನ್ನಂಥವರೇ ಯಾರೋ ಬರೆದಿರುತ್ತಾರೆ. ಒಳ್ಳೆಯವರೇ ಇರಬಹುದು.

ಅಂತೂ ಸಿಕ್ಕಿದ್ದು ತಿಂಗಳಿಗೆ 8 ಡಾಲರ್, ಅದೂ ವಿಧವೆ ಅಂತ. ತನ್ನ ಸ್ವಂತ ಕೆಲಸಕ್ಕೆ? ಮೂರು ವರ್ಷ ನರ್ಸ್ ಮತ್ತು ಅಡುಗೆಯವಳಾಗಿ, ಎಂಟೊಂಬತ್ತು ಜನ ಬೇಹುಗಾರರ ನಾಯಕಿಯಾಗಿ ದುಡಿದಿದ್ದೇನೆ, 1,800 ಡಾಲರ್ ಬರಬೇಕು ಅಂತ ಪ್ರಮಾಣಪತ್ರ ಬರೆಸಿ ಕೆಳಗೆ ಗೀಟು ಹಾಕಿದಳು. ಸಂಸತ್ತಿಗೆ ತಿಂಗಳಿಗೆ 25 ಡಾಲರ್ ಕೊಡಬೇಕೆಂಬ ಮಸೂದೆ ಹೋಯಿತು. 1899ರಲ್ಲಿ ಪಾಸಾದಾಗ ಅದು 20 ಆಗಿತ್ತು. 8ರಿಂದ ಇಷ್ಟಕ್ಕೆ ಹೆಚ್ಚಿಸುವುದಕ್ಕೆ ಸಮಿತಿ ಒಪ್ಪಿದ ಕಾರಣ ನರ್ಸ್ ಕೆಲಸ. ಹೆಂಗಸು ನರ್ಸ್ ಆಗಿರಬಹುದು ಅನ್ನೋದಕ್ಕೆ ಆಗಲೇ ಒಂದು ಪಟ್ಟಿ ಇತ್ತು. ಬೇಹುಗಾರರ ನಾಯಕಿ ಅನ್ನೋದಕ್ಕೆ ಕಾಲಂ ಇರಲಿಲ್ಲ. 1913ರಲ್ಲಿ ಆಕೆ ತೀರಿಕೊಂಡಳು. 2016ರಲ್ಲಿ ಅಮೆರಿಕದ ಖಜಾನೆ ಇಲಾಖೆ 20 ಡಾಲರ್ ನೋಟಿನ ಮೇಲೆ ಆಕೆಯ ಚಿತ್ರ ಹಾಕುತ್ತೇವೆ ಅಂತ ಘೋಷಿಸಿತು. ಅದೇ ಇಪ್ಪತ್ತು, ನೋಡಿ. 2024ರ ನವೆಂಬರಿನಲ್ಲಿ ಮೇರಿಲ್ಯಾಂಡ್ ರಾಜ್ಯ ಆಕೆಯನ್ನು ಬ್ರಿಗೇಡಿಯರ್ ಜನರಲ್ ಅಂತ ಮಾಡಿತು. ನಾನು ಹೊರಡುವ ದಿನ ಮಗಳು ದಾರಿ ಖರ್ಚಿಗೆ ಅಂತ ಕೈಗಿಟ್ಟ ನೋಟಿನಲ್ಲಿ ಇದ್ದದ್ದು, ಗುಲಾಮರನ್ನು ಇಟ್ಟುಕೊಂಡಿದ್ದ ಹಳೆಯ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ನನ ಮುಖವೇ ಇನ್ನೂ.

ಇನ್ನೊಬ್ಬರ ವಿಷಯ ಹೇಳದೆ ಇದ್ದರೆ ಮನಸ್ಸು ತಡೆಯುವುದಿಲ್ಲ. ಇಲಿನಾಯ್ 95ನೇ ರೆಜಿಮೆಂಟಿನ ಆಲ್ಬರ್ಟ್ ಕ್ಯಾಶಿಯರ್. ಐರ್ಲೆಂಡಿನಲ್ಲಿ ಜೆನ್ನಿ ಹಾಜರ್ಸ್ ಆಗಿ ಹುಟ್ಟಿ, ಗಂಡು ಹೆಸರಿನಲ್ಲಿ ಸೈನ್ಯ ಸೇರಿ, ಮೂರು ವರ್ಷ ಹೋರಾಡಿ, ಆಮೇಲೂ ಗಂಡಸಾಗೇ ಬಾಳಿದವರು. (ಅವನು ಅನ್ನಲೋ ಅವಳು ಅನ್ನಲೋ ಅಂತ ಇಂಗ್ಲಿಷಿನವರು ಪುಟಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ನಮ್ಮಲ್ಲಿ 'ಅವರು' ಇದೆ, ನಾನು ಬಚಾವ್.) 1911ರಲ್ಲಿ ಕಾರು ತಗುಲಿ ಕಾಲು ಮುರಿದಾಗ ಡಾಕ್ಟರಿಗೆ ಗೊತ್ತಾಯಿತು. ಡಾಕ್ಟರು ಗುಟ್ಟು ಕಾಪಾಡಿದರು. ಮರೆವು ಜಾಸ್ತಿಯಾಗಿ ಮಾನಸಿಕ ಆಸ್ಪತ್ರೆಗೆ ಸೇರಿಸಿದ ಮೇಲೆ ಅಲ್ಲಿನವರು ಬಿಡಲಿಲ್ಲ. ಐವತ್ತು ವರ್ಷ ಪ್ಯಾಂಟು ಹಾಕಿದ ಮುದುಕರಿಗೆ ಬಲವಂತವಾಗಿ ಲಂಗ ಉಡಿಸಿದರು. ಆ ಲಂಗಕ್ಕೆ ಕಾಲು ಸಿಕ್ಕಿ ಬಿದ್ದು ಸೊಂಟ ಮುರಿಯಿತು. ಮತ್ತೆ ಸುಧಾರಿಸಿಕೊಳ್ಳಲಿಲ್ಲ, 1915ರಲ್ಲಿ ಹೋದರು. ಹ್ಯಾರಿಯಟ್ ಬರೆಸಿದ ಆ ಬ್ಲೂಮರಿನ ಕಾಗದ ಮತ್ತೆ ತೆಗೆದು ಓದಿದೆ.

ಪಿಂಚಣಿ ಕಚೇರಿ ಸುಮ್ಮನಿರಲಿಲ್ಲ, ಇದು ಮೋಸ ಇರಬೇಕು ಅಂತ ವಿಚಾರಣೆ ಶುರು ಮಾಡಿತು. ರೆಜಿಮೆಂಟಿನ ಹಳೇ ಜೊತೆಗಾರರು, ಎಲ್ಲ ಹಣ್ಣು ಹಣ್ಣು ಮುದುಕರು, ಬಂದು ಹೇಳಿದರು. ಇವನೇ ನಮ್ಮ ಕ್ಯಾಶಿಯರ್, ನಮ್ಮ ಜೊತೆ ಯುದ್ಧ ಮಾಡಿದವನು. ಪಿಂಚಣಿ ನಿಲ್ಲಲಿಲ್ಲ. ಸತ್ತ ಮೇಲೆ ಯೂನಿಫಾರ್ಮಿನಲ್ಲೇ ಮಣ್ಣು ಮಾಡಿದರು. ಕಣ್ಣಾರೆ ಕಂಡ ಜೊತೆಗಾರರು ಬದುಕಿದ್ದರು, ಅದು ಅವರ ಪುಣ್ಯ.

ನಮ್ಮ ಅಜ್ಜಿಗೆ ಅಂಥವರು ಯಾರೂ ಉಳಿದಿರಲಿಲ್ಲ. ಚೀಟಿ ತಗೊಂಡವರು ಯಾರಜ್ಜಿ ಅಂದರೆ, ಕತ್ತಲಲ್ಲಿ ಮುಖ ಯಾರು ನೋಡಿದ್ರವ್ವಾ ಅಂದಿದ್ದಳು. ತಿಂಗಳ ಮೇಲೆ ಮತ್ತೆ ಬಂದಳು. ಹಿಂಬರಹ ತಯಾರಾಗಿತ್ತು, ನನ್ನ ಅಕ್ಷರದಲ್ಲೇ. ಕೊಟ್ಟೆ. ಕಚೇರಿ ಪ್ರತಿಯ ಮೇಲೆ 'ಹಿಂಬರಹ ಸ್ವೀಕರಿಸಿದ್ದೇನೆ' ಅಂತ ಬರೆದು ಇಂಕ್ ಪ್ಯಾಡ್ ಮುಂದಿಟ್ಟೆ. ಹೆಬ್ಬೆಟ್ಟು ಒತ್ತಿದಳು. ಬೆರಳನ್ನು ಎಲ್ಲರ ಹಾಗೆ ಪಕ್ಕದ ಗೋಡೆಗೆ ಒರೆಸಿ, ಉಳಿದದ್ದನ್ನು ತಲೆಗೂದಲಿಗೆ ಉಜ್ಜಿಕೊಂಡು, "ಬರ್ತೀನವ್ವ" ಅಂತ ಹೋದಳು.

ನಮ್ಮ ಕೌಂಟರಿನ ಪಕ್ಕದ ಆ ಗೋಡೆ ನೆಲದಿಂದ ಎದೆಯೆತ್ತರದವರೆಗೆ ನೇರಳೆ ಬಣ್ಣದ ಬೆರಳಚ್ಚಿನಿಂದ ತುಂಬಿರುತ್ತಿತ್ತು. ಡೀಸಿ ಸಾಹೇಬರು ಬರುತ್ತಾರೆ ಅಂದರೆ ಹಿಂದಿನ ದಿನ ಸುಣ್ಣ ಹೊಡೆಸುತ್ತಿದ್ದೆವು.